ಗೇಣಿಗೆ ಕೊಟ್ಟ ಮೆಮೊರಿ

ಈ ಲೇಖನವನ್ನು ನಾಲ್ಕು ಜನ ಸೇರಿ ಬರೆದಿದ್ದೇವೆ. ಇಬ್ಬರು ಎಲೆಕ್ಟ್ರಾನಿಕ್ಸ್, ಇಬ್ಬರು ಕಂಪ್ಯೂಟರ್ ಸೈನ್ಸ್. ಅದಕ್ಕೇ ಉದ್ದಕ್ಕೂ ‘ನಾವು’. ನಮ್ಮ ಸಂಘದ ಪತ್ರಿಕೆಗೆ ಪ್ರವಾಸ ಕಥನ, ಹನಿಗವನ, ಹಾಸ್ಟೆಲ್ ಊಟದ ಮೇಲಿನ ಹಾಸ್ಯ ಲೇಖನ ಬರ್ತಾನೇ ಇರುತ್ತವೆ. ನಾವು ಬರೆಯಹೊರಟಿರುವುದು ಯುಎಸ್‌ಬಿ ಡ್ರೈವರ್ ಬಗ್ಗೆ. ಅದರಲ್ಲೂ ಡ್ರೈವರ್ ತನ್ನ ಮೆಮೊರಿಯನ್ನು ಡಿವೈಸಿನ ಕೈಗೆ ಹೇಗೆ ಕೊಟ್ಟು ಹೇಗೆ ವಾಪಸ್ ತಗೊಳ್ಳುತ್ತೆ ಅನ್ನೋದರ ಬಗ್ಗೆ. ‘ಇದನ್ನೆಲ್ಲ ಕನ್ನಡದಲ್ಲಿ ಯಾಕ್ರೋ ಬರೀತೀರಾ’ ಅಂತ ಕೇಳಿದವರಿದ್ದಾರೆ. ಆರು ತಿಂಗಳು ನಾವು ಲ್ಯಾಬಿನಲ್ಲಿ ಜಗಳ ಆಡಿದ್ದು, ತಲೆ ಕೆರೆದುಕೊಂಡಿದ್ದು, ಕೊನೆಗೆ ಅರ್ಥ ಮಾಡಿಕೊಂಡಿದ್ದು ಎಲ್ಲ ಕನ್ನಡದಲ್ಲೇ. ಬರೆಯುವಾಗ ಮಾತ್ರ ಭಾಷೆ ಬದಲಿಸೋದಕ್ಕೆ ಕಾರಣ ಕಾಣಲಿಲ್ಲ.

ಮೊದಲು ಪ್ರಾಜೆಕ್ಟ್ ಏನು ಅಂತ ಹೇಳಿಬಿಡ್ತೇವೆ. ಸಿವಿಲ್ ವಿಭಾಗದಲ್ಲಿ ನಮ್ಮ ಗೆಳೆಯನೊಬ್ಬನಿದ್ದಾನೆ. ಅವನ ಫೈನಲ್ ಇಯರ್ ಕೆಲಸ ಉಕ್ಕಿನ ತೊಲೆಗಳ ಮೇಲೆ. ತೊಲೆಗೆ ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಅದು ತನ್ನದೇ ಒಂದು ಫ್ರೀಕ್ವೆನ್ಸಿಯಲ್ಲಿ ಕಂಪಿಸುತ್ತದೆ. ತೊಲೆಯಲ್ಲಿ ಬಿರುಕು ಬಂದರೆ ಬಿಗಿ ಕಡಿಮೆಯಾಗಿ ಆ ಫ್ರೀಕ್ವೆನ್ಸಿ ಇಳಿಯುತ್ತದೆ. ಮಡಕೆ ಕೊಳ್ಳುವಾಗ ಅಜ್ಜಿ ಬೆರಳಲ್ಲಿ ತಟ್ಟಿ ಸದ್ದು ಕೇಳ್ತಾರಲ್ಲ, ಅದೇ ಲೆಕ್ಕ. ಅವನಿಗೆ ಬೇಕಾಗಿದ್ದು ತೊಲೆಯ ಪಕ್ಕದಲ್ಲೇ ದಿನಗಟ್ಟಲೆ ಕೂತು ಕಂಪನ ದಾಖಲಿಸುವ ಒಂದು ಸಣ್ಣ ಡಬ್ಬಿ. ಅಕ್ಸೆಲೆರೋಮೀಟರ್ ಇದ್ದ ಬೋರ್ಡ್ ಒಂದು ನಮ್ಮ ವಿಭಾಗದಲ್ಲಿ ಮೊದಲೇ ಇತ್ತು. ಅದು ಸೆಕೆಂಡಿಗೆ 10,000 ರೀಡಿಂಗ್ ತೆಗೆಯುತ್ತೆ. ಒಂದೊಂದು ರೀಡಿಂಗ್ 16 ಬಿಟ್, ಅಂದ್ರೆ 2 ಬೈಟ್. 256 ರೀಡಿಂಗ್ ಸೇರಿದ ತಕ್ಷಣ 512 ಬೈಟಿನ ಒಂದು ಪ್ಯಾಕೆಟ್ ಕಟ್ಟಿ ಯುಎಸ್‌ಬಿ ಮೂಲಕ ಕಳಿಸುತ್ತೆ. ಹೈಸ್ಪೀಡ್ ಯುಎಸ್‌ಬಿಯಲ್ಲಿ ಬಲ್ಕ್ ಪ್ಯಾಕೆಟ್ಟಿನ ಗರಿಷ್ಠ ಅಳತೆಯೂ 512 ಬೈಟೇ, ಹಾಗಾಗಿ ಲೆಕ್ಕ ನೀಟಾಗಿ ಕೂರುತ್ತೆ. ಈ ಬೋರ್ಡಿಗೆ ಹಳೆಯ ಬ್ಯಾಚಿನವರು ಬರೆದ ಲಿನಕ್ಸ್ ಡ್ರೈವರ್ ಕೂಡ ಇತ್ತು. ಅವರ ಲ್ಯಾಪ್‌ಟಾಪ್‌ನಲ್ಲಿ ಅದು ವರ್ಷಗಟ್ಟಲೆ ಚೆನ್ನಾಗಿ ಓಡಿತ್ತು. ಲ್ಯಾಪ್‌ಟಾಪ್ ಬದಲು ಅಂಗೈಯಷ್ಟು ದೊಡ್ಡ ಎಆರ್‌ಎಂ ಬೋರ್ಡ್ ಒಂದರ ಮೇಲೆ ಅದನ್ನು ಓಡಿಸೋದು ನಮ್ಮ ಪಾಲಿನ ಕೆಲಸ.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಲೇಬೇಕು. ಯುಎಸ್‌ಬಿಯಿಂದ ಬರುವ ಪ್ರತಿಯೊಂದು ಬೈಟನ್ನೂ ಪ್ರೊಸೆಸರ್ ಕೈಯಾರೆ ಎತ್ತಿ ಮೆಮೊರಿಯಲ್ಲಿ ಇಡುತ್ತೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಆ ಕೆಲಸ ಮಾಡೋದು ಹೋಸ್ಟ್ ಕಂಟ್ರೋಲರ್ ಎಂಬ ಬೇರೊಂದು ಹಾರ್ಡ್‌ವೇರ್. ಡ್ರೈವರ್ ಮಾಡೋದಿಷ್ಟೇ: ಒಂದು ಬಫರ್ ತಗೊಳ್ಳುತ್ತೆ, ‘ಈ ಡಿವೈಸಿನ ಈ ಎಂಡ್‌ಪಾಯಿಂಟ್‌ನಿಂದ 512 ಬೈಟ್ ತಂದು ಇಲ್ಲಿ ಹಾಕು’ ಅಂತ ಒಂದು ಚೀಟಿ ಬರೆಯುತ್ತೆ, ಯುಎಸ್‌ಬಿ ಕೋರ್‌ಗೆ ಸಲ್ಲಿಸುತ್ತೆ. ಈ ಚೀಟಿಯ ಹೆಸರು ಯುಆರ್‌ಬಿ, ಯುಎಸ್‌ಬಿ ರಿಕ್ವೆಸ್ಟ್ ಬ್ಲಾಕ್. ಚೀಟಿ ಸಲ್ಲಿಸಿದ ಮೇಲೆ ಪ್ರೊಸೆಸರ್ ತನ್ನ ಪಾಡಿಗೆ ಬೇರೆ ಕೆಲಸಕ್ಕೆ ಹೋಗುತ್ತೆ. ಡಿವೈಸ್ ಡೇಟಾ ಕೊಟ್ಟಾಗ ಕಂಟ್ರೋಲರ್ ಅದನ್ನು ನೇರವಾಗಿ ಮೆಮೊರಿಗೆ ಬರೆದು, ‘ಆಯ್ತು’ ಅಂತ ಇಂಟರಪ್ಟ್ ಕೊಡುತ್ತೆ. ಹೀಗೆ ಪ್ರೊಸೆಸರ್‌ನ ಹಂಗಿಲ್ಲದೆ ಮೆಮೊರಿಗೆ ಬರೆಯುವುದೇ ಡಿಎಂಎ.

ತೊಡಕು ವಿಳಾಸದಲ್ಲಿದೆ. ನಮ್ಮ ಕೋಡ್ ನೋಡುವ ಪಾಯಿಂಟರ್ ವರ್ಚುವಲ್ ವಿಳಾಸ. ಮೆಮೊರಿ ಚಿಪ್ಪಿನಲ್ಲಿರುವುದು ಫಿಸಿಕಲ್ ವಿಳಾಸ. ಕಂಟ್ರೋಲರ್ ನೋಡುವುದು ಮೂರನೆಯದು, ಡಿಎಂಎ ವಿಳಾಸ. ನಡುವೆ ಐಒಎಂಎಂಯು ಎಂಬ ಅನುವಾದಕ ಕೂತಿದ್ದರೆ ಮೂರೂ ಬೇರೆ ಬೇರೆ ಆಗಿರಬಹುದು. ಒಂದೇ ಮನೆಗೆ ಪೋಸ್ಟ್‌ಮ್ಯಾನ್ ಒಂದು ನಂಬರ್, ಕೆಇಬಿಯವರು ಇನ್ನೊಂದು ನಂಬರ್, ಊರಿನವರು ‘ಮಾವಿನಮರದ ಮನೆ’ ಅನ್ನೋ ಹಾಗೆ. ವರ್ಚುವಲ್ ವಿಳಾಸ ಕೊಟ್ಟು, ಕಂಟ್ರೋಲರ್‌ಗೆ ಅರ್ಥವಾಗುವ ಡಿಎಂಎ ವಿಳಾಸ ಪಡೆಯುವ ಕ್ರಿಯೆಗೇ ಮ್ಯಾಪಿಂಗ್ ಅಂತಾರೆ. ಸಾಮಾನ್ಯ ಯುಎಸ್‌ಬಿ ಡ್ರೈವರ್ ಇದನ್ನು ತಾನೇ ಮಾಡಬೇಕಿಲ್ಲ. ಯುಆರ್‌ಬಿ ಸಲ್ಲಿಸಿದಾಗ ಯುಎಸ್‌ಬಿ ಕೋರ್ ತಾನೇ ಬಫರನ್ನು ಮ್ಯಾಪ್ ಮಾಡುತ್ತೆ. ಕೆಲಸ ಮುಗಿದು ನಮ್ಮ ಕಂಪ್ಲೀಷನ್ ಫಂಕ್ಷನ್ ಕರೆಯುವ ಮುಂಚೆ ತಾನೇ ಅನ್‌ಮ್ಯಾಪ್ ಮಾಡುತ್ತೆ. ತಾನೇ ಮಾಡುತ್ತೆ ಅನ್ನೋ ಕಾರಣಕ್ಕೆ ಅದು ಏನು ಮಾಡುತ್ತೆ ಅಂತ ಯಾರೂ ವಿಚಾರಿಸೋಕೆ ಹೋಗಲ್ಲ.

ಮ್ಯಾಪಿಂಗ್ ಬರೀ ವಿಳಾಸದ ಅನುವಾದ ಅಲ್ಲ. ಅದು ಒಡೆತನದ ಬದಲಾವಣೆ. ಹಳ್ಳಿ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಗದ್ದೆಯನ್ನು ಗೇಣಿಗೆ ಕೊಟ್ಟ ಮೇಲೆ ಆ ಫಸಲು ಮುಗಿಯುವ ತನಕ ಒಡೆಯ ಅದರೊಳಗೆ ಇಳಿದು ಬಿತ್ತೋ ಹಾಗಿಲ್ಲ, ಕೀಳೋ ಹಾಗಿಲ್ಲ. ಪಹಣಿಯಲ್ಲಿ ಹೆಸರು ಒಡೆಯನದೇ ಇರಬಹುದು, ಆದರೆ ಈಗ ಉಳುತ್ತಿರುವವನು ಬೇರೆ. ಮ್ಯಾಪ್ ಮಾಡಿದ ಗಳಿಗೆಯಿಂದ ಅನ್‌ಮ್ಯಾಪ್ ಮಾಡುವ ಗಳಿಗೆಯವರೆಗೆ ಬಫರ್ ಡಿವೈಸಿನದು. ಪ್ರೊಸೆಸರ್ ಅದನ್ನು ಬರೆಯುವ ಹಾಗಿಲ್ಲ. ಓದಿದರೂ ಸಿಗುವುದು ಹಳೆಯದೋ ಹೊಸದೋ ಹೇಳಲಾಗದು. (ಅರಸು ಸರ್ಕಾರದ 1974ರ ತಿದ್ದುಪಡಿ ಬಂದ ಮೇಲೆ ನಮ್ಮ ಊರುಗಳಲ್ಲಿ ಗೇಣಿದಾರನೇ ಹೊಲದ ಒಡೆಯನಾದ. ಕರ್ನಲ್‌ನಲ್ಲಿ ಆ ಕಾನೂನಿಲ್ಲ. ಅನ್‌ಮ್ಯಾಪ್ ಆದ ಕೂಡಲೇ ಗದ್ದೆ ವಾಪಸ್!)

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ, ಕ್ಯಾಶ್ ಇರೋದರಿಂದ. ಪ್ರೊಸೆಸರ್ ಮುಖ್ಯ ಮೆಮೊರಿಯನ್ನು ನೇರವಾಗಿ ಮುಟ್ಟೋದು ಕಡಿಮೆ. ಅಲ್ಲಿಂದ ಒಂದು ಸಾಲನ್ನು ತನ್ನ ಹತ್ತಿರದ ಕ್ಯಾಶ್‌ಗೆ ತಂದುಕೊಂಡು ಅದರ ಮೇಲೆ ಕೆಲಸ ಮಾಡುತ್ತೆ. ನಮ್ಮ ಬೋರ್ಡಿನಲ್ಲಿ ಒಂದು ಸಾಲು ಅಂದ್ರೆ 64 ಬೈಟ್. ಒಂದೇ ಬೈಟ್ ಬದಲಿಸಬೇಕಿದ್ದರೂ 64 ಬೈಟಿನ ಇಡೀ ಸಾಲು ಬರುತ್ತೆ, ವಾಪಸ್ ಹೋಗುವಾಗಲೂ ಇಡೀ ಸಾಲಾಗಿಯೇ ಹೋಗುತ್ತೆ.

ಹಾಸ್ಟೆಲ್ ಮೆಸ್ಸಿನ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಮೆಸ್ ಸೆಕ್ರೆಟರಿ ಪುಸ್ತಕದ ಒಂದು ಪುಟವನ್ನು ನಕಲು ಮಾಡಿಕೊಂಡು ರೂಮಿಗೆ ಒಯ್ದ ಅಂತಿಟ್ಟುಕೊಳ್ಳಿ. ಪುಟದ ಕೆಳಗೆ ತರಕಾರಿ ಖರ್ಚು ಬರೆದ. ಅಷ್ಟರಲ್ಲಿ ಹಾಲಿನವನು ಆಫೀಸಿಗೆ ಬಂದು ಅದೇ ಪುಟದ ಮೇಲ್ಭಾಗದಲ್ಲಿದ್ದ ನಿನ್ನೆಯ ಹಾಲಿನ ಲೆಕ್ಕ ಹೊಡೆದು ಇವತ್ತಿನದನ್ನು ಬರೆದು ಹೋದ. ಸಂಜೆ ಸೆಕ್ರೆಟರಿ ಬಂದು ತನ್ನ ನಕಲು ಪುಟವನ್ನು ಮೂಲ ಪುಟದ ಜಾಗಕ್ಕೆ ಅಂಟಿಸಿದ. ತರಕಾರಿ ಲೆಕ್ಕ ಸರಿಯಾಯ್ತು. ಹಾಲಿನ ಲೆಕ್ಕ ಮಾತ್ರ ಮತ್ತೆ ನಿನ್ನೆಯದಾಯ್ತು. ಇಬ್ಬರೂ ಒಬ್ಬರ ಸಾಲನ್ನು ಒಬ್ಬರು ಮುಟ್ಟಿಲ್ಲ, ಇಬ್ಬರೂ ಕಳ್ಳರಲ್ಲ. ಪುಟ ಒಂದೇ ಆಗಿದ್ದೇ ಕಷ್ಟ.

ಈ ಪುಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಡ್ರೈವರ್ ಎಆರ್‌ಎಂ ಬೋರ್ಡಿನ ಮೇಲೆ ಮೊದಲ ದಿನವೇ ಓಡಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಗೆಳೆಯ ಮೂರು ವಾರ ರೀಡಿಂಗ್ ತೆಗೆದ. ಆಮೇಲೆ ಒಂದು ದಿನ ಲ್ಯಾಪ್‌ಟಾಪ್ ಹಿಡ್ಕೊಂಡು ನಮ್ಮ ಲ್ಯಾಬಿಗೆ ಬಂದ. ತೊಲೆಯ ಸ್ಪೆಕ್ಟ್ರಮ್‌ನಲ್ಲಿ 62 ಹರ್ಟ್ಜ್‌ನಲ್ಲಿ ದೊಡ್ಡ ಶಿಖರ. ಅದು ತೊಲೆಯದು, ಲೆಕ್ಕಕ್ಕೂ ಹೊಂದುತ್ತೆ. ಅದರ ಅಕ್ಕಪಕ್ಕ ಸಣ್ಣ ಸಣ್ಣ ಶಿಖರಗಳು: ಎಡಕ್ಕೆ 23ರಲ್ಲಿ, ಬಲಕ್ಕೆ 101, 140, 179ರಲ್ಲಿ. ಬಾಚಣಿಗೆ ಹಲ್ಲಿನ ಹಾಗೆ. ‘ಇವು ಏನ್ರೋ?’ ಅಂದ.

ಅವು ಬರೀ ಕಸವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಂಪಿಸುವಾಗ ತೆರೆದು ಮುಚ್ಚುವ ಬಿರುಕು ಇದ್ದರೆ ಮುಖ್ಯ ಫ್ರೀಕ್ವೆನ್ಸಿಯ ಜೊತೆಗೆ ಹೆಚ್ಚುವರಿ ಶಿಖರಗಳು ಹುಟ್ಟುತ್ತವೆ. ಬಿರುಕು ಪತ್ತೆ ಹಚ್ಚುವವರು ಇಂಥವನ್ನೇ ಹುಡುಕ್ತಾರೆ. ಅಂದ್ರೆ, ಗಟ್ಟಿ ತೊಲೆಯೊಂದು ಅವನ ರಿಪೋರ್ಟಿನಲ್ಲಿ ಬಿರುಕು ಬಿಟ್ಟ ತೊಲೆಯಾಗಿ ದಾಖಲಾಗುವುದರಲ್ಲಿತ್ತು. ಇವತ್ತು ಲ್ಯಾಬಿನ ತೊಲೆ. ಇದೇ ಡಬ್ಬಿ ನಾಳೆ ಒಂದು ಕಾಲುಸೇತುವೆಯ ಕೆಳಗೆ ಕೂತರೆ?

ಡೆಮೋಗೆ ಎರಡು ವಾರ ಇತ್ತು. ನಮ್ಮಲ್ಲಿ ಎರಡು ಪಕ್ಷ ಆಯ್ತು. ಒಂದು ಪಕ್ಷ, ‘ಪೈಥಾನ್‌ನಲ್ಲಿ ಒಂದು ಫಿಲ್ಟರ್ ಹಾಕಿ ಆ ಸಣ್ಣ ಶಿಖರಗಳನ್ನ ಸವರಿಬಿಡೋಣ, ಡೆಮೋ ಮುಗಿದ ಮೇಲೆ ನೋಡಿಕೊಳ್ಳೋಣ’ ಅಂತು. ಇನ್ನೊಂದು ಪಕ್ಷ, ‘ಸವರಿದ ಮೇಲೆ ನಿಜವಾದ ಬಿರುಕಿನ ಶಿಖರವೂ ಹೋಗುತ್ತಲ್ಲ’ ಅಂತು. ಕ್ಯಾಂಟೀನ್‌ನಲ್ಲಿ ಕಾಫಿ ಆರಿ ತಣ್ಣಗಾಗುವಷ್ಟು ವಾದ ನಡೀತು. ಸುಮ್ಮನೆ ಕೇಳ್ತಾ ಕೂತಿದ್ದ ಸಿವಿಲ್ ಗೆಳೆಯ ಕೊನೆಗೆ ಹೇಳಿದ್ದು ಇಷ್ಟು: ‘ನೋಡ್ರಪ್ಪಾ, ನಂಗೆ ಬೇಕಾಗಿರೋದು ತೊಲೆ ಏನು ಹೇಳ್ತು ಅನ್ನೋದು. ತೊಲೆ ಏನು ಹೇಳಬಹುದಿತ್ತು ಅಂತ ನೀವು ಅಂದಾಜು ಮಾಡಿದ್ದು ಬೇಡ.’ ಫಿಲ್ಟರ್ ಮಾತು ಅಲ್ಲಿಗೇ ನಿಂತಿತು.

ಸುಳಿವು ಸಿಕ್ಕಿದ್ದು ಎರಡನೇ ತೊಲೆಯಿಂದ. ಅದರ ಮುಖ್ಯ ಶಿಖರ 74 ಹರ್ಟ್ಜ್‌ನಲ್ಲಿತ್ತು, ಪಕ್ಕದವು 35 ಮತ್ತು 113ರಲ್ಲಿ. 62ರಿಂದ 23ಕ್ಕೆ 39. 74ರಿಂದ 35ಕ್ಕೂ 39. ತೊಲೆ ಬದಲಾದರೂ ಅಂತರ ಬದಲಾಗ್ತಿಲ್ಲ. ಹಾಗಾದ್ರೆ ಈ 39 ತೊಲೆಯದಲ್ಲ, ಡಬ್ಬಿಯದು. ಡಬ್ಬಿಯಲ್ಲಿ ಸೆಕೆಂಡಿಗೆ 39 ಸಲ ನಡೆಯೋದು ಏನು? 10,000 ರೀಡಿಂಗನ್ನು 256ರಿಂದ ಭಾಗಿಸಿದರೆ 39.06. ಸೆಕೆಂಡಿಗೆ ಬರುವ ಪ್ಯಾಕೆಟ್‌ಗಳ ಸಂಖ್ಯೆ!

ಆಮೇಲೆ ಸ್ಪೆಕ್ಟ್ರಮ್ ಬದಿಗಿಟ್ಟು ಹಸಿ ಸಂಖ್ಯೆಗಳನ್ನು 256ರ ಗುಂಪುಗಳಾಗಿ ಒಡೆದು ಒಂದರ ಕೆಳಗೊಂದು ಜೋಡಿಸಿದೆವು. ಬಹುಪಾಲು ಪ್ಯಾಕೆಟ್‌ಗಳಲ್ಲಿ ಮೊದಲ 244 ರೀಡಿಂಗ್ ಹೊಸವು. ಕೊನೆಯ 12 ಮಾತ್ರ ಹಿಂದಿನ ಪ್ಯಾಕೆಟ್ಟಿನ ಕೊನೆಯ 12ರ ಪಡಿಯಚ್ಚು. ಒಂದಂಕಿ ವ್ಯತ್ಯಾಸವಿಲ್ಲ. ಸೆನ್ಸರಿನ ಸಹಜ ಅಲುಗಾಟವೇ ಹತ್ತಾರು ಅಂಕಿಯಷ್ಟಿರುವಾಗ 12 ಸಂಖ್ಯೆ ಸಾಲಾಗಿ ಹೀಗೆ ಹೊಂದೋದು ಆಕಸ್ಮಿಕ ಆಗೋಕೆ ಸಾಧ್ಯವೇ ಇಲ್ಲ. ತೊಲೆ ಸುಮ್ಮನಿದ್ದಾಗ ಹಳೆಯ 12ಕ್ಕೂ ಹೊಸ 12ಕ್ಕೂ ಕಣ್ಣಿಗೆ ಕಾಣುವ ಭೇದ ಇರ್ತಿರಲಿಲ್ಲ. ಏಟು ಬಿದ್ದು ಕಂಪಿಸುವಾಗ ಮಾತ್ರ ಪ್ರತಿ ಪ್ಯಾಕೆಟ್ಟಿನ ಬಾಲದಲ್ಲೂ ಹಳೆಯ ಕಂಪನದ ಒಂದು ತುಣುಕು ಹೊಲಿಗೆ ಹಾಕಿದ ಹಾಗೆ ಸೇರ್ತಿತ್ತು. ತಪ್ಪು ಸಂಖ್ಯೆಗಳ ದೊಡ್ಡ ಅಪಾಯ ಇದೇ. ಅವು ನೋಡೋಕೆ ಸರಿ ಸಂಖ್ಯೆಗಳ ಹಾಗೇ ಇರುತ್ತವೆ.

ಯಾಕೆ 12? ಯಾಕೆ ಕೊನೆಯವೇ? ಉತ್ತರ ಡ್ರೈವರಿನ ಒಂದು ಸ್ಟ್ರಕ್ಚರಿನಲ್ಲಿತ್ತು. ಡ್ರೈವರ್ ತನಗೆ ಬೇಕಾದ್ದನ್ನೆಲ್ಲ ಒಂದೇ ಸ್ಟ್ರಕ್ಚರಿನಲ್ಲಿ ಇಟ್ಟುಕೊಂಡಿತ್ತು. ಮೊದಲು ಮೂರು ಪಾಯಿಂಟರ್, ಒಂದೊಂದು 8 ಬೈಟ್, ಒಟ್ಟು 24. ಅದರ ಬೆನ್ನಿಗೇ 512 ಬೈಟಿನ ಬಫರ್. ಅದರ ಬೆನ್ನಿಗೆ ಎಷ್ಟು ಪ್ಯಾಕೆಟ್ ಬಂತು ಅನ್ನುವ ಒಂದು ಕೌಂಟರ್. ಓದೋಕೆ ನೀಟಾದ ಕೋಡ್. ಈಗ 64 ಬೈಟಿನ ಸಾಲುಗಳನ್ನು ಇದರ ಮೇಲೆ ಎಳೆಯಿರಿ. 24ರಲ್ಲಿ ಶುರುವಾದ ಬಫರ್ 536ರಲ್ಲಿ ಮುಗಿಯುತ್ತೆ. 64 ಎಂಟ್ಲ 512. ಉಳಿದ 24 ಬೈಟ್ ಒಂಬತ್ತನೇ ಸಾಲಿಗೆ ಚಾಚಿಕೊಂಡಿದೆ. 24 ಬೈಟ್ ಅಂದ್ರೆ 12 ರೀಡಿಂಗ್. ಅದೇ ಸಾಲಿನಲ್ಲೇ, ಪಕ್ಕದಲ್ಲೇ, ಕೌಂಟರ್ ಕೂತಿದೆ.

ಮೆಸ್ಸಿನ ಪುಟ ಇದೇ. ಪ್ಯಾಕೆಟ್ ಬಂದಾಗ ಡ್ರೈವರ್ ಅದನ್ನು ನಕಲು ಮಾಡಿಕೊಂಡು, ಅದೇ ಯುಆರ್‌ಬಿಯನ್ನು ಮತ್ತೆ ಸಲ್ಲಿಸಿ, ಆಮೇಲೆ ಕೌಂಟರಿಗೆ ಒಂದು ಕೂಡಿಸುತ್ತೆ. ಯುಆರ್‌ಬಿ ಸಲ್ಲಿಸಿದ ಕೂಡಲೇ ಬಫರ್ ಗೇಣಿಗೆ ಹೋಯ್ತು. ಡ್ರೈವರ್ ಬಫರನ್ನು ಮುಟ್ಟಲೇ ಇಲ್ಲ, ಮುಟ್ಟಿದ್ದು ತನ್ನ ಕೌಂಟರನ್ನು. ಆದರೆ ಕೌಂಟರ್ ಬರೆಯೋಕೆ ಪ್ರೊಸೆಸರ್ ಇಡೀ ಒಂಬತ್ತನೇ ಸಾಲನ್ನು ಕ್ಯಾಶ್‌ಗೆ ತಂದಿತು. ಜೊತೆಗೆ ಹಿಂದಿನ ಪ್ಯಾಕೆಟ್ಟಿನ 12 ರೀಡಿಂಗೂ ಬಂದವು. ಸುಮಾರು 25 ಮಿಲಿಸೆಕೆಂಡ್ ಆದ ಮೇಲೆ ಕಂಟ್ರೋಲರ್ ಹೊಸ 512 ಬೈಟನ್ನು ಮೆಮೊರಿಗೆ ಬರೆಯಿತು. ಆಮೇಲೆ ಅನ್‌ಮ್ಯಾಪ್. ಬಫರಿಗೆ ಮಾತ್ರ ಸೇರಿದ ಸಾಲುಗಳ ಹಳೆಯ ಕ್ಯಾಶ್ ಪ್ರತಿಗಳನ್ನು ಕರ್ನಲ್ ಸುಮ್ಮನೆ ಎಸೆಯುತ್ತೆ. ಅಂಚಿನಲ್ಲಿ ಅರ್ಧಂಬರ್ಧ ಹಂಚಿಕೊಂಡ ಸಾಲನ್ನು ಹಾಗೆ ಎಸೆಯೋಕಾಗಲ್ಲ, ಎಸೆದರೆ ನೆರೆಯವನ ಕೌಂಟರ್ ಹೋಗುತ್ತೆ. ಅದಕ್ಕೇ ಅದನ್ನು ಮೊದಲು ಮೆಮೊರಿಗೆ ಬರೆದು ಆಮೇಲೆ ಎಸೆಯುತ್ತೆ. ಕೌಂಟರ್ ಉಳೀತು. ಹಾಲಿನ ಲೆಕ್ಕ ನಿನ್ನೆಯದಾಯ್ತು.

ಬಫರಿನ ಮುಂದಿನ ಅಂಚಿನಲ್ಲೂ ಮೂರು ಪಾಯಿಂಟರ್‌ಗಳು ಸಾಲು ಹಂಚಿಕೊಂಡಿದ್ದವಲ್ಲ, ಅಲ್ಲೇಕೆ ಕೆಡಲಿಲ್ಲ? ಅವನ್ನು ಡ್ರೈವರ್ ಓದ್ತಿತ್ತೇ ಹೊರತು ಬರೀತಿರಲಿಲ್ಲ. ನಕಲು ಪುಟದಲ್ಲಿ ಏನೂ ಬರೆಯದಿದ್ದರೆ ಅದನ್ನು ವಾಪಸ್ ಅಂಟಿಸುವ ಪ್ರಶ್ನೆಯೇ ಇಲ್ಲ.

ಇನ್ನೊಂದು ವಿಚಿತ್ರವೂ ಇದರಿಂದಲೇ ಬಿಡಿಸಿಕೊಂಡಿತು. ಬೋರ್ಡಿನ ಮೇಲೆ ಬೇರೆ ಕೆಲಸ ಜೋರಾಗಿದ್ದಾಗ ತಪ್ಪು ಕಡಿಮೆ, ಬೋರ್ಡ್ ಖಾಲಿ ಇದ್ದಾಗ ಜಾಸ್ತಿ. ಸಾಮಾನ್ಯವಾಗಿ ಉಲ್ಟಾ ಇರಬೇಕಲ್ವಾ? ಕೆಲಸ ಜೋರಿದ್ದಾಗ ಕ್ಯಾಶ್‌ನಲ್ಲಿ ಜಾಗಕ್ಕೆ ನೂಕುನುಗ್ಗಲು. ಆ ಒಂಬತ್ತನೇ ಸಾಲು ಹೊಸ ಡೇಟಾ ಬರೋ ಮೊದಲೇ ಮೆಮೊರಿಗೆ ಹೋಗಿಬಿಡ್ತಿತ್ತು, ಅದರ ಮೇಲೆ ಹೊಸ ಡೇಟಾ ಸರಿಯಾಗಿ ಕೂರ್ತಿತ್ತು. ಖಾಲಿ ಇದ್ದಾಗ ಸಾಲು ಕ್ಯಾಶ್‌ನಲ್ಲೇ ಆರಾಮಾಗಿ ಕೂತಿದ್ದು ಕೊನೇ ಗಳಿಗೆಯಲ್ಲಿ ಹೊರಗೆ ಬೀಳ್ತಿತ್ತು.

ಹಳೆಯ ಬ್ಯಾಚಿನವರ ಲ್ಯಾಪ್‌ಟಾಪ್‌ನಲ್ಲಿ ಇದು ಯಾಕೆ ಕಾಣಲಿಲ್ಲ ಅಂದ್ರೆ, ಎಕ್ಸ್86 ಯಂತ್ರಗಳಲ್ಲಿ ಡಿವೈಸ್ ಮೆಮೊರಿಗೆ ಬರೆಯುವಾಗ ಹಾರ್ಡ್‌ವೇರೇ ಕ್ಯಾಶ್‌ಗಳನ್ನು ವಿಚಾರಿಸುತ್ತೆ. ‘ಹಾಲಿನವನು ಬರೀತಾ ಇದ್ದಾನೆ, ನಿಮ್ಮ ನಕಲು ಮೊದಲು ವಾಪಸ್ ಕೊಡಿ’ ಅಂತ ಹೇಳುವ ವಾಚ್‌ಮನ್ ಅಲ್ಲಿದ್ದಾನೆ. ನಮ್ಮ ಬೋರ್ಡಿನಂಥ ಅನೇಕ ಸಣ್ಣ ಎಆರ್‌ಎಂ ಬೋರ್ಡ್‌ಗಳಲ್ಲಿ ಆ ವಾಚ್‌ಮನ್ ಇಲ್ಲ. ಅಲ್ಲಿ ಆ ಜವಾಬ್ದಾರಿ ಸಾಫ್ಟ್‌ವೇರಿನದು. ಇದು ಕರ್ನಲ್‌ನ ಡಿಎಂಎ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರುವ ವಿಷಯವೇ. ಡೇವಿಡ್ ಮಿಲ್ಲರ್, ರಿಚರ್ಡ್ ಹೆಂಡರ್ಸನ್, ಯಾಕುಬ್ ಯೆಲಿನೆಕ್ ಬರೆದ ಆ ಕೈಪಿಡಿ ಕರ್ನಲ್ ಸೋರ್ಸ್ ಜೊತೆಗೇ ಬರುತ್ತೆ. ಜೂನಿಯರ್‌ಗಳು ಯಾವ ಟ್ಯುಟೋರಿಯಲ್ ವಿಡಿಯೋ ನೋಡುವ ಮೊದಲೂ ಅದನ್ನು ಓದಬೇಕು ಅಂತ ನಮ್ಮ ಕಳಕಳಿಯ ವಿನಂತಿ.

ಪರಿಹಾರಕ್ಕೆ ನಮ್ಮ ಮುಂದೆ ಮೂರು ದಾರಿ ಇದ್ದವು. ಪ್ರತಿ ಪ್ಯಾಕೆಟ್ಟಿನ ಕೊನೆಯ 12 ಎಸೆಯೋದು ಮೊದಲನೆಯದು. ಅದು ರೋಗ ಬಿಟ್ಟು ಬೆರಳು ಕತ್ತರಿಸಿದ ಹಾಗೆ. ಎರಡನೆಯದು, ಬಫರನ್ನು ಸ್ಟ್ರಕ್ಚರಿನಿಂದ ಹೊರಗೆ ತೆಗೆದು ಕೆ-ಮ್ಯಾಲಕ್ ಮೂಲಕ ಅದಕ್ಕೇ ಬೇರೆ ಜಾಗ ಕೊಡೋದು. 64 ಬಿಟ್ ಎಆರ್‌ಎಂನಲ್ಲಿ ಡಿಎಂಎಗೆಂದು ಕರ್ನಲ್ ಪಾಲಿಸುವ ಕನಿಷ್ಠ ಅಲೈನ್‌ಮೆಂಟ್ 128 ಬೈಟ್. 512 ಬೈಟ್ ಕೇಳಿದರೆ ಸಾಲಿನ ಮೊದಲಿಗೇ ಶುರುವಾಗಿ ಸರಿಯಾಗಿ 8 ಸಾಲು ಸಿಗುತ್ತೆ. ಬದು ಹಂಚಿಕೊಳ್ಳುವ ನೆರೆಯವರೇ ಇರಲ್ಲ. ಮೂರನೆಯದು, ಯುಎಸ್‌ಬಿ-ಅಲಾಕ್-ಕೊಹೆರೆಂಟ್ ಮೂಲಕ ಶಾಶ್ವತವಾಗಿ ಮ್ಯಾಪ್ ಆದ ಮೆಮೊರಿ ಪಡೆದು, ಯುಆರ್‌ಬಿಯಲ್ಲಿ ‘ನೀನು ಮ್ಯಾಪ್ ಮಾಡಬೇಡ, ವಿಳಾಸ ನಾನೇ ಕೊಡ್ತೀನಿ’ ಅನ್ನುವ ಫ್ಲ್ಯಾಗ್ ಹಾಕೋದು.

ಮೂರನೆಯದು ಕೇಳೋಕೆ ಭರ್ಜರಿ. ಪ್ರತಿ ಸಲ ಮ್ಯಾಪ್-ಅನ್‌ಮ್ಯಾಪ್ ತಾಪತ್ರಯ ಇಲ್ಲ. ಆದರೆ ನಮ್ಮಂಥ ಬೋರ್ಡಿನಲ್ಲಿ ಕೊಹೆರೆಂಟ್ ಮೆಮೊರಿ ಅಂದ್ರೆ ಕ್ಯಾಶ್ ಇಲ್ಲದ ಮೆಮೊರಿ. ಪ್ರೊಸೆಸರ್ ಅದನ್ನು ಓದುವಾಗ ಪ್ರತಿ ಸಲ ದೂರದ ಮುಖ್ಯ ಮೆಮೊರಿಗೆ ಹೋಗಬೇಕು. ವೆಬ್‌ಕ್ಯಾಮ್‌ಗಳಿಗೆ ಲಿನಕ್ಸ್ ಬಳಸುವ ಯುವಿಸಿ ಡ್ರೈವರ್ ಕೂಡ ಮೊದಲು ಇಂಥ ಮೆಮೊರಿಯನ್ನೇ ಬಳಸ್ತಿತ್ತು. ಈಚಿನ ವರ್ಷಗಳಲ್ಲಿ ಅದನ್ನು ಬಿಟ್ಟು, ಕ್ಯಾಶ್ ಇರುವ ಮೆಮೊರಿಯನ್ನು ಬೇಕಾದಾಗ ಸಿಂಕ್ ಮಾಡುವ ವಿಧಾನಕ್ಕೆ ಬಂದಿದೆ. ನಮ್ಮ ಡೇಟಾ ಸೆಕೆಂಡಿಗೆ ಬರೀ 20,000 ಬೈಟ್. ಸೆಕೆಂಡಿಗೆ 39 ಸಲ ಮ್ಯಾಪ್ ಮಾಡೋದು ಲೆಕ್ಕಕ್ಕೇ ಇಲ್ಲದ ಖರ್ಚು. ಎರಡನೇ ದಾರಿ ಹಿಡಿದೆವು. ಬದಲಾದದ್ದು ಬೆರಳೆಣಿಕೆಯ ಸಾಲು ಕೋಡ್. ಮರುದಿನ ಮತ್ತೆ ಸುತ್ತಿಗೆ ಏಟು ಕೊಟ್ಟು ನೋಡಿದೆವು. 74 ಇತ್ತು. ಅಕ್ಕಪಕ್ಕ ಬಟಾಬಯಲು.

ಈ ನೆಪದಲ್ಲಿ ಕಲಿತ ಉಳಿದ ಕೆಲವನ್ನೂ ಹೇಳಿಬಿಡ್ತೇವೆ. ಫಂಕ್ಷನ್ ಒಳಗಿನ ಲೋಕಲ್ ಅರೇಯನ್ನು, ಅಂದ್ರೆ ಸ್ಟ್ಯಾಕ್ ಮೇಲಿನ ಮೆಮೊರಿಯನ್ನು, ಡಿಎಂಎಗೆ ಕೊಡಬಾರದು. ವಿ-ಮ್ಯಾಲಕ್‌ನಿಂದ ಪಡೆದದ್ದನ್ನೂ ನೇರವಾಗಿ ಕೊಡೋ ಹಾಗಿಲ್ಲ, ಅದು ಫಿಸಿಕಲ್ ಆಗಿ ಚೂರು ಚೂರಾಗಿರಬಹುದು. ಇವೆರಡನ್ನೂ ಈಗ ಯುಎಸ್‌ಬಿ ಕೋರ್ ತಾನೇ ಗುರುತಿಸಿ ಎಚ್ಚರಿಕೆ ಕೊಟ್ಟು ತಿರಸ್ಕರಿಸುತ್ತೆ. ಬಳಕೆದಾರ ಕೇಬಲ್ ಕಿತ್ತಾಗ, ಬಾಕಿ ಇರುವ ಯುಆರ್‌ಬಿಯನ್ನು ಕಿಲ್ ಮಾಡಿ ಅದು ಪೂರ್ತಿ ನಿಂತ ಮೇಲಷ್ಟೇ ಬಫರನ್ನು ಫ್ರೀ ಮಾಡಬೇಕು. ಗೇಣಿದಾರ ಇನ್ನೂ ಗದ್ದೆಯಲ್ಲಿರುವಾಗ ಅದನ್ನು ಬೇರೆಯವರಿಗೆ ಮಾರಿದರೆ ಆತ ಉತ್ತದ್ದು ಮತ್ತೊಬ್ಬರ ಹೊಲ. ಕರ್ನಲ್‌ನಲ್ಲಿ ಡಿಎಂಎ ಡಿಬಗ್ ಎಂಬ ಆಯ್ಕೆ ಇದೆ. ಅನ್‌ಮ್ಯಾಪ್ ಮಾಡದೆ ಬಿಟ್ಟಿದ್ದು, ಅಳತೆ ತಪ್ಪಿದ್ದು ಎಲ್ಲ ಲ್ಯಾಪ್‌ಟಾಪ್‌ನಲ್ಲೇ ಹೇಳುತ್ತೆ, ತಪ್ಪದೆ ಹಾಕಿಕೊಳ್ಳಿ. ಆದರೆ ನಮ್ಮ 12 ರೀಡಿಂಗ್ ಕಥೆಯನ್ನು ಅದು ಹಿಡಿಯಲ್ಲ. ಪ್ರೊಸೆಸರ್ ಪಕ್ಕದ ಕೌಂಟರನ್ನು ಯಾವಾಗ ಬರೆಯಿತು ಅಂತ ಅದಕ್ಕೆ ಕಾಣೋದಿಲ್ಲ.

‘ಡ್ರೈವರೇ ಯಾಕೆ, ಲಿಬ್‌ಯುಎಸ್‌ಬಿ ಸಾಕಿತ್ತಲ್ಲ’ ಅಂತ ವೈವಾದಲ್ಲಿ ಕೇಳಿದರು. ಸರಿಯಾದ ಪ್ರಶ್ನೆ. ಲಿಬ್‌ಯುಎಸ್‌ಬಿ ಬಳಸಿದರೆ ಬಫರ್ ಕರ್ನಲ್‌ನ ಯುಎಸ್‌ಬಿ-ಎಫ್‌ಎಸ್ ಭಾಗದ ಕೈಯಲ್ಲಿರುತ್ತೆ. ಅದು ಡೇಟಾವನ್ನು ತನ್ನ ಬಫರಿಗೆ ತಂದು ನಮ್ಮ ಪ್ರೋಗ್ರಾಮಿಗೆ ನಕಲು ಮಾಡಿ ಕೊಡುತ್ತೆ. 2016ರಿಂದ ಎಂ-ಮ್ಯಾಪ್ ಮೂಲಕ ಆ ನಕಲೂ ಇಲ್ಲದೆ ನೇರವಾಗಿ ಪಡೆಯಬಹುದು. ಹೊಸದಾಗಿ ಶುರು ಮಾಡುವವರು ಅದನ್ನೇ ಮೊದಲು ಪ್ರಯತ್ನಿಸಲಿ. ನಮ್ಮ ಕೈಗೆ ಬಂದದ್ದು ಡ್ರೈವರ್, ಅದರ ಮೇಲೆ ನಿಂತ ಗೆಳೆಯನ ಪ್ರೋಗ್ರಾಮ್‌ಗಳಿದ್ದವು, ಆದ್ದರಿಂದ ಅದನ್ನೇ ಸರಿಪಡಿಸಿದೆವು.

ಕೋಡ್ ಸರಿಹೋದರೂ ಒಂದು ಬಾಕಿ ಉಳಿಯಿತು. ಮೂರು ವಾರದ ಹಳೆಯ ರೀಡಿಂಗ್‌ಗಳು. ಉಳಿದ ತೊಲೆಗಳನ್ನು ಮತ್ತೆ ಅಳೆಯಬಹುದಿತ್ತು, ಅಳೆದ. ಮೊದಲನೇ ತೊಲೆಯನ್ನು ಮಾತ್ರ ಅಳೆಯೋ ಹಾಗಿರಲಿಲ್ಲ. ಬಿರುಕಿನ ಪ್ರಯೋಗಕ್ಕೆಂದು ಅದನ್ನು ಹಿಂದಿನ ವಾರವಷ್ಟೇ ಗರಗಸದಿಂದ ಕೊಯ್ದಾಗಿತ್ತು. ಅದು ಗಟ್ಟಿಯಾಗಿದ್ದಾಗ ಏನು ಹೇಳ್ತು ಅನ್ನೋದಕ್ಕೆ ಇದ್ದ ಒಂದೇ ಸಾಕ್ಷಿ ಆ ಹಳೆಯ ಫೈಲ್. ಕೊಯ್ದ ತೊಲೆಯನ್ನು ಕೊಯ್ಯದ ತೊಲೆ ಮಾಡೋಕೆ ಯಾವ ಪ್ಯಾಚ್‌ನಿಂದಲೂ ಆಗಲ್ಲ.

ತಪ್ಪು 12 ಯಾವುವು ಅಂತ ನಮಗೆ ಖಚಿತವಾಗಿ ಗೊತ್ತಿತ್ತು. ಅಕ್ಕಪಕ್ಕದ ಸಂಖ್ಯೆಗಳಿಂದ ಗೆರೆ ಎಳೆದು ಅವನ್ನು ತುಂಬಿಸೋದು ಐದು ನಿಮಿಷದ ಕೆಲಸ. ಗೈಡ್ ಮೇಡಂ ಒಂದೇ ಮಾತು ಕೇಳಿದರು: ‘ತುಂಬಿಸಿದ್ದನ್ನ ಅಳೆದಿದ್ದು ಅಂತ ಕರೀತೀರಾ?’ ನಾವು ಆ ಜಾಗಗಳನ್ನು ಖಾಲಿ ಬಿಟ್ಟೆವು. ಗೆಳೆಯ ಸ್ಪೆಕ್ಟ್ರಮ್ ಬಿಟ್ಟು, ಇದ್ದ ರೀಡಿಂಗ್‌ಗಳಿಗಷ್ಟೇ ಲೀಸ್ಟ್ ಸ್ಕ್ವೇರ್ಸ್‌ನಲ್ಲಿ ಕ್ಷೀಣಿಸುವ ಸೈನ್ ಅಲೆಯೊಂದನ್ನು ಹೊಂದಿಸಿದ. ಗಟ್ಟಿ ತೊಲೆಗೆ 62, ಕೊಯ್ದ ಮೇಲೆ 58. ರಿಪೋರ್ಟಿನಲ್ಲಿ ಆ ಒಂದು ಫೈಲಿನ ಎದುರು, ‘ಪ್ರತಿ 256ರಲ್ಲಿ 12ರವರೆಗೆ ರೀಡಿಂಗ್ ಲಭ್ಯವಿಲ್ಲ’ ಅಂತ ಬರೆದ. ಪರೀಕ್ಷಕರು ಆ ಸಾಲಿನ ಮೇಲೆ ಬೆರಳಿಟ್ಟು ಹತ್ತು ನಿಮಿಷ ಪ್ರಶ್ನೆ ಕೇಳಿದರು. ಉತ್ತರ ಹೇಳೋಕೆ ಅವನು ನಮ್ಮ ಮೆಸ್ಸಿನ ಪುಟದ ಉದಾಹರಣೆಯನ್ನೇ ಬಳಸಿದನಂತೆ.

ಮುಂದಿನ ಬ್ಯಾಚಿನವರು ಇದೇ ಡಬ್ಬಿಗೆ ನಾಲ್ಕು ಸೆನ್ಸರ್ ಜೋಡಿಸುವ ಯೋಜನೆ ಹಾಕಿದ್ದಾರೆ. ನಾಲ್ಕು ಬಫರ್, ನಾಲ್ಕು ಯುಆರ್‌ಬಿ, ಒಂದು ಹಾರಾಟದಲ್ಲಿದ್ದಾಗ ಇನ್ನೊಂದು ಕೈಗೆ ಬರುತ್ತೆ. ಅವರಿಗೆ ನಾವು ಹೇಳಿರೋದು ಒಂದೇ: ಯಾವುದೇ ಬೈಟ್ ಮುಟ್ಟುವ ಮೊದಲು ‘ಈ ಗಳಿಗೆಯಲ್ಲಿ ಇದು ಯಾರದು’ ಅಂತ ಕೇಳಿಕೊಳ್ಳಿ, ಆಮೇಲೆ ‘ಇದರ ಬದುವಿನಾಚೆ ಯಾರಿದ್ದಾರೆ’ ಅಂತಲೂ ಕೇಳಿಕೊಳ್ಳಿ. ಕೋಡಿನಲ್ಲಿ ಬಫರ್ ಪಡೆಯುವ ಸಾಲಿನ ಮೇಲೆ ಕನ್ನಡದಲ್ಲೇ ಒಂದು ಕಾಮೆಂಟ್ ಬರೆದಿಟ್ಟಿದ್ದೇವೆ: ‘ಈ ಬಫರ್ ಒಂಟಿಯಾಗಿಯೇ ಇರಲಿ. ಮತ್ತೆ ಸ್ಟ್ರಕ್ಚರ್ ಒಳಗೆ ಸೇರಿಸಬೇಡಿ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಕಾಣುತ್ತೆ, ನಂಬಬೇಡಿ.’